ಟಾರ್ಚ್ ಬಿಟ್ಟರೆ ಕಾಣುವ ಕ್ಯಾನ್ಸರ್, ಆದರೂ ತಡ ಯಾಕೆ?

ಎಷ್ಟೋ ಕ್ಯಾನ್ಸರ್‌ಗಳನ್ನು ಹುಡುಕಲು ಸ್ಕ್ಯಾನ್ ಬೇಕು, ದೊಡ್ಡ ಯಂತ್ರ ಬೇಕು, ಕೈತುಂಬ ದುಡ್ಡು ಬೇಕು. ಬಾಯಿ ಕ್ಯಾನ್ಸರ್ ಹಾಗಲ್ಲ. ಬಾಯಿ ತೆರೆದು ಟಾರ್ಚ್ ಬಿಟ್ಟರೆ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಆದರೂ ನಮ್ಮ ದೇಶದ ಗಂಡಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಮೊದಲನೆಯದು. 2022ರ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ಗಂಡಸರು, ಹೆಂಗಸರು ಸೇರಿ ಸುಮಾರು 1.43 ಲಕ್ಷ ಜನರಿಗೆ ಇದು ಹೊಸದಾಗಿ ಬಂತು, ಸುಮಾರು 80 ಸಾವಿರ ಜನ ಇದರಿಂದ ತೀರಿಕೊಂಡರು. ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೆ ಹೆಚ್ಚಿನವರದು ಮೂರನೇ ಇಲ್ಲವೇ ನಾಲ್ಕನೇ ಹಂತ.

ಬಾಯಿ ಕ್ಯಾನ್ಸರ್‌ಗೆ ಕಾರಣ ಏನು ಅಂತ ನಮಗೆ ಈಗೀಗ ಗೊತ್ತಾಗಿದ್ದಲ್ಲ. 120 ವರ್ಷಗಳಿಂದ ಗೊತ್ತಿದೆ. 1902ರಲ್ಲೇ ಮದ್ರಾಸಿನ ಸರ್ಜನ್ ನಿಬ್ಲಾಕ್ ಎಲೆ ಅಡಿಕೆ ಜಗಿಯುವುದಕ್ಕೂ ಬಾಯಿ ಕ್ಯಾನ್ಸರ್‌ಗೂ ನಂಟಿದೆ ಎಂದು ಬರೆದಿದ್ದರು. 1933ರಲ್ಲಿ ತಿರುವಾಂಕೂರಿನಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಓರ್ ಅಲ್ಲಿನ ರೋಗಿಗಳ ಬಗ್ಗೆ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಜಗತ್ತು ಒಪ್ಪುವುದಕ್ಕೆ ಎಷ್ಟೋ ಮುಂಚಿನ ಮಾತು ಇದು.

1966ರಿಂದ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧಕರು ಹಳ್ಳಿಹಳ್ಳಿ ತಿರುಗಿ, ಮನೆಬಾಗಿಲಲ್ಲೇ 50 ಸಾವಿರಕ್ಕೂ ಹೆಚ್ಚು ಜನರ ಬಾಯಿ ನೋಡಿದರು. ಕ್ಯಾನ್ಸರ್ ಆಗಲಿ, ಅದಕ್ಕೂ ಮುಂಚಿನ ಬಿಳಿ ಮಚ್ಚೆ ಆಗಲಿ ಕಂಡದ್ದು ಹೆಚ್ಚುಕಡಿಮೆ ತಂಬಾಕು ಬಳಸುವವರಲ್ಲೇ. ಆಮೇಲೆ ಅವರು ಸುಮಾರು 36 ಸಾವಿರ ತಂಬಾಕು ಬಳಕೆದಾರರಿಗೆ ತಿಳಿಹೇಳಿ ಬಿಡಿಸಲು ಪ್ರಯತ್ನಪಟ್ಟರು. ಬಿಟ್ಟವರಲ್ಲಿ ಹೊಸ ಮಚ್ಚೆಗಳು ಕಡಿಮೆಯಾದವು. ಅಂದರೆ ಎಷ್ಟೋ ವರ್ಷ ಹಾಕಿದ ಮೇಲೆ ಬಿಟ್ಟರೂ ಲಾಭ ಇದೆ. "ಇನ್ನೇನು ಬಿಡೋದು, ಆಗಿದ್ದು ಆಯ್ತು" ಅನ್ನುವವರು ಇದನ್ನೊಂದು ಸಲ ಓದಬೇಕು.

ನಮ್ಮ ಬೆಂಗಳೂರಿನ ಕಥೆಯೂ ಇದೆ. 1982ರಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು, ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂಬ ಲೆಕ್ಕ ಇಡುವ ಕೆಲಸ. ಅದನ್ನು ಬಳಸಿ ಮಾಡಿದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ಬೀದಿ, ಅದೇ ಬಡಾವಣೆಯ ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ್ದರು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಲ್ಲಿ ಅಪಾಯ ಜಾಸ್ತಿ, ಹೆಂಗಸರಲ್ಲಂತೂ ವಿಪರೀತ. ವರ್ಷ ಕಳೆದಂತೆ, ದಿನಕ್ಕೆ ಹಾಕುವ ಸಲ ಹೆಚ್ಚಿದಂತೆ ಅಪಾಯವೂ ಏರುತ್ತಿತ್ತು. ನಮ್ಮಲ್ಲಿ ಬೀಡಿ ಸೇದುವ ಹೆಂಗಸನ್ನು ಊರೆಲ್ಲ ನೋಡುತ್ತದೆ, ಆದರೆ ಕಡ್ಡಿಪುಡಿ ಹಾಕುವ ಅಜ್ಜಿಯನ್ನು ಯಾರೂ ಕೇಳುವುದಿಲ್ಲ ಅಲ್ವಾ? ಆ ಅಜ್ಜಿಯ ಬಾಯಿಯನ್ನೂ ಯಾರೂ ನೋಡುವುದಿಲ್ಲ.

ಇಷ್ಟೆಲ್ಲ ಗೊತ್ತಾಗುತ್ತಿದ್ದ ಹೊತ್ತಿಗೇ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಅದಕ್ಕೆ ಕಾರಣ ಒಂದು ಸಣ್ಣ ಪ್ಯಾಕೆಟ್. ಹಿಂದೆ ಕವಳ ಹಾಕಬೇಕಾದರೆ ಎಲೆ ಬೇಕು, ಸುಣ್ಣ ಬೇಕು, ಅಡಿಕೆ ಕತ್ತರಿಸಬೇಕು, ಕೂತು ಹಾಕುವ ಪುರುಸೊತ್ತು ಬೇಕು. ಹಿರಿಯರ ಮುಂದೆ ಹುಡುಗರು ಹಾಕುತ್ತಿರಲಿಲ್ಲ. ಪಾನ್ ಮಸಾಲಾ, ಗುಟ್ಕಾ ಬಂದ ಮೇಲೆ ಎಲೆಯೇ ಹೋಯಿತು. ಒಣಗಿಸಿದ ಅಡಿಕೆ ಚೂರು, ಕಾಚು, ಸುಣ್ಣ, ಗುಟ್ಕಾ ಆದರೆ ತಂಬಾಕೂ, ಮೇಲೆ ಘಮಘಮ ವಾಸನೆ, ಇಷ್ಟೂ ಒಂದೆರಡು ರೂಪಾಯಿಯ ಪ್ಯಾಕೆಟ್‌ನಲ್ಲಿ, ಕೆಡುವುದೂ ಇಲ್ಲ, ಜೇಬಲ್ಲಿ ಇಟ್ಟರೆ ಮನೆಯವರಿಗೆ ಗೊತ್ತಾಗುವುದೂ ಇಲ್ಲ, ಶಾಲೆ ಪಕ್ಕದ ಗೂಡಂಗಡಿಯಲ್ಲೂ ಮಾಲೆಯಂತೆ ನೇತಾಡುತ್ತಿತ್ತು. ಲಾರಿ ಡ್ರೈವರ್, ಗಾರೆ ಕೆಲಸದವರು, ಕಾಲೇಜು ಹುಡುಗರು, ಎಲ್ಲರಿಗೂ ಅಂಟಿತು.

ಸುಪ್ರೀಂ ಕೋರ್ಟ್ ಆದೇಶದಂತೆ 2011ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಪ್ಯಾಕೆಟ್ ನಿಂತಿತು. ಅದೇ ವರ್ಷ ಆಹಾರ ಸುರಕ್ಷತೆಯ ನಿಯಮ ಬಂದು, ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸುವಂತಿಲ್ಲ ಎಂದಾಯಿತು. ಅದರ ಬಲದಿಂದ 2012ರಲ್ಲಿ ಮಧ್ಯಪ್ರದೇಶ, 2013ರ ಮೇ ಕೊನೆಗೆ ಕರ್ನಾಟಕ ಗುಟ್ಕಾ ನಿಷೇಧಿಸಿದವು. ಆಮೇಲೆ ಆಗಿದ್ದೇನು? ಒಂದು ಪ್ಯಾಕೆಟ್ ಎರಡಾಯಿತು. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಅಂಗಡಿಯವರು ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಗಿರಾಕಿ ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಗುಟ್ಕಾ ಇಲ್ಲ, ಬಾಯಿಯೊಳಗೆ ಅದೇ ಗುಟ್ಕಾ. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಅಡಿಕೆಯ ವಿಷಯ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದನ್ನು ಎತ್ತಿದರೆ ಮಾತು ಬಿಸಿಯಾಗುತ್ತದೆ, ಯಾಕೆಂದರೆ ಸಾವಿರಾರು ಮನೆಗಳ ಒಲೆ ಉರಿಯುವುದೇ ಅಡಿಕೆಯಿಂದ. ತಪ್ಪೆಲ್ಲ ತಂಬಾಕಿನದು, ಅಡಿಕೆ ಸುಮ್ನೆ ಸಿಕ್ಕಿಹಾಕಿಕೊಂಡಿದೆ ಎಂಬುದು ಬೆಳೆಗಾರರ ವಾದ. ಆದರೆ ತೈವಾನಿನಲ್ಲಿ ಜನ ತಂಬಾಕು ಸೇರಿಸದೆ ಅಡಿಕೆ ಜಗಿಯುತ್ತಾರೆ, ಅಲ್ಲೂ ಬಾಯಿ ಕ್ಯಾನ್ಸರ್ ಜಾಸ್ತಿ. ಇಂಥ ಪುರಾವೆಗಳನ್ನೆಲ್ಲ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯೊಂದೇ ಆದರೂ ಕ್ಯಾನ್ಸರ್ ತರುತ್ತದೆ ಎಂದು 2004ರಲ್ಲಿ ಪ್ರಕಟಿಸಿತು. ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ ನಾರುನಾರಾಗುತ್ತದೆ, ಬಾಯಿ ಬರಬರುತ್ತಾ ಸಣ್ಣದಾಗಿ ತೆರೆಯುತ್ತದೆ, ಅಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಬೆಳೆಗಾರರ ಆತಂಕ ನಿಜವಾದದ್ದು, ಅವರಿಗೆ ಬೇರೆ ದಾರಿ ತೋರಿಸುವುದು ಸರ್ಕಾರದ ಕೆಲಸ. ಹಾಗಂತ ಜಗಿಯುವವರಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ.

ಬೇಗ ಪತ್ತೆ ಮಾಡಿದರೆ ಜೀವ ಉಳಿಯುತ್ತದಾ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಕ್ಕದ ಕೇರಳದಲ್ಲಿ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ, 35 ದಾಟಿದ ಸುಮಾರು 1.9 ಲಕ್ಷ ಜನರನ್ನು ಸೇರಿಸಿಕೊಂಡು ಪ್ರಯೋಗ ಶುರುವಾಯಿತು. ಏಳು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಆರರಲ್ಲಿ ನೋಡಲಿಲ್ಲ. ಆ ಕಾರ್ಯಕರ್ತರು ಡಾಕ್ಟರುಗಳಲ್ಲ. ಮಾಮೂಲಿ ಪದವಿ ಓದಿದವರು. ಸಂಶಯ ಬಂದವರನ್ನು ಡಾಕ್ಟರ ಹತ್ತಿರ ಕಳಿಸಿದರು. ಮೂರು ಸುತ್ತು ಮುಗಿದ ಮೇಲೆ, 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆ. ಸುಮ್ನೆ ಬಾಯಿ ನೋಡಿದ್ದಕ್ಕೆ ಇಷ್ಟು! ಆಮೇಲೆ 2016ರಲ್ಲಿ ಕೇಂದ್ರ ಸರ್ಕಾರ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾರ್ಗಸೂಚಿ ಹೊರಡಿಸಿತು. ಹಾಗಾಗಿ ನಿಮ್ಮೂರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದಾಗ "ನನ್ನ ಬಾಯಿ ಒಮ್ಮೆ ನೋಡಿ" ಎಂದು ಧೈರ್ಯವಾಗಿ ಕೇಳಿ.

ಮನೆಯಲ್ಲೂ ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಬಹುದು. ಕೆನ್ನೆಯ ಒಳಗೆ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಒಸಡು, ತುಟಿಯ ಒಳಬದಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಯುವಷ್ಟೂ ಬಾಯಿ ತೆರೆಯದಿರುವುದು, ಇವುಗಳಲ್ಲಿ ಯಾವುದಿದ್ದರೂ ಹಲ್ಲಿನ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ, ಅದೇ ದೊಡ್ಡ ಮೋಸ. ಬಯಾಪ್ಸಿ (ಪರೀಕ್ಷೆಗೆ ಸಣ್ಣ ಚೂರು ತೆಗೆಯುವುದು) ಮಾಡಿಸಿದರೆ, ಚಾಕು ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಸುಳ್ಳು. ಆ ಹೆದರಿಕೆಯಲ್ಲಿ ಕಳೆಯುವ ತಿಂಗಳುಗಳಲ್ಲೇ ಅದು ನಿಜವಾಗಿ ಹರಡುವುದು.

ಬಿಡಬೇಕು ಅನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ತಂಬಾಕಿನ ಪ್ಯಾಕೆಟ್ ಮೇಲೇ ಅದನ್ನು ಅಚ್ಚು ಹಾಕಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.