ಜೇಬಿನ ಚಾರ್ಜರ್ ಇಷ್ಟು ಹಗುರ ಹೇಗೆ?

ಹಿಂದೆ ರೇಡಿಯೊ, ಟೇಪ್‌ರೆಕಾರ್ಡರ್‌ಗೆ ಬ್ಯಾಟರಿ ಬದಲು ಮನೆಯ ಕರೆಂಟಿನಲ್ಲೇ ನಡೆಸಲು ಎಲಿಮಿನೇಟರ್ ಅಂತ ಒಂದು ಡಬ್ಬಿ ಬರುತ್ತಿತ್ತು. ಎತ್ತಿದರೆ ಭಾರ, ಸ್ವಲ್ಪ ಹೊತ್ತು ಹಾಕಿಟ್ಟರೆ ಬಿಸಿ. ಇವತ್ತಿನ ಮೊಬೈಲ್ ಚಾರ್ಜರ್ ಅದಕ್ಕಿಂತ ಎಷ್ಟೋ ಜಾಸ್ತಿ ವಾಟ್ ಕೊಡುತ್ತದೆ, ಆದರೂ ಅಂಗಿ ಜೇಬಿನಲ್ಲಿ ಕೂರುತ್ತದೆ. ಒಳಗಿರುವುದು ಎಸ್‌ಎಂಪಿಎಸ್, ಅಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ.

ಎಲಿಮಿನೇಟರ್‌ನ ಭಾರವೆಲ್ಲ ವೋಲ್ಟೇಜ್ ಇಳಿಸುವ ಅದರ ಟ್ರಾನ್ಸ್‌ಫಾರ್ಮರ್‌ನದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಇಷ್ಟು ನಿಧಾನವಾದರೆ ಒಂದೊಂದು ಆವರ್ತನದಲ್ಲೂ ತುಂಬಾ ಶಕ್ತಿ ದಾಟಿಸಬೇಕು, ಅದಕ್ಕೆ ದಪ್ಪ ಕಬ್ಬಿಣವೇ ಬೇಕು. ಆವರ್ತನ ಹೆಚ್ಚಿಸಿದರೆ ಒಂದು ಸಲಕ್ಕೆ ದಾಟಬೇಕಾದ ಪಾಲು ಚಿಕ್ಕದಾಗುತ್ತದೆ, ಟ್ರಾನ್ಸ್‌ಫಾರ್ಮರೂ ಚಿಕ್ಕದಾಗುತ್ತದೆ. ಇಡೀ ಎಸ್‌ಎಂಪಿಎಸ್ ನಿಂತಿರುವುದು ಇದರ ಮೇಲೆ.

ಚಾರ್ಜರ್ ಮೊದಲು 230 ವೋಲ್ಟ್ ಎಸಿಯನ್ನು ಡಯೋಡ್‌ಗಳಿಂದ ಡಿಸಿ ಮಾಡಿ, ಒಂದು ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಯಾಕೆಂದರೆ 230 ವೋಲ್ಟ್ ಎಸಿ ಅಲೆಯ ತುದಿ ಅಷ್ಟಿರುತ್ತದೆ. ಆಮೇಲೆ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್ ಸ್ವಿಚ್‌ನಂತೆ ಆನ್-ಆಫ್ ಆಗುತ್ತಾ ಆ ಡಿಸಿಯನ್ನು ತುಂಡು ತುಂಡು ಮಾಡುತ್ತದೆ, ಅನೇಕ ಚಾರ್ಜರ್‌ಗಳಲ್ಲಿ ಸೆಕೆಂಡಿಗೆ ಸುಮಾರು 65,000 ಸಲ! ಆ ತುಂಡುಗಳು ಫೆರೈಟ್ ಎಂಬ ಕಾಂತೀಯ ವಸ್ತುವಿನ ಸಣ್ಣ ಟ್ರಾನ್ಸ್‌ಫಾರ್ಮರ್ ದಾಟಿ, ಆಚೆ ಮತ್ತೆ ಡಿಸಿಯಾಗಿ 5 ವೋಲ್ಟ್ ಸಿಗುತ್ತದೆ.

ಬಿಸಿ ಕಡಿಮೆ ಯಾಕೆ? ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆಯುವ ಹಳೆಯ ಲೀನಿಯರ್ ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸುವಾಗ, 1 ಆಂಪಿಯರ್ ಹರಿದರೆ 4 ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಸ್ವಿಚ್ ಹಾಗಲ್ಲ. ಆಫ್ ಇದ್ದಾಗ ಅದರಲ್ಲಿ ಕರೆಂಟೇ ಇಲ್ಲ. ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಕ್ಷಣದಲ್ಲಿ ಮಾತ್ರ ಒಂದಿಷ್ಟು ನಷ್ಟ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆಪ್ಟೊಕಪ್ಲರ್ ಎಂಬ ನಾಲ್ಕು ಕಾಲಿನ ಪುಟ್ಟ ಕಪ್ಪು ಚಿಪ್. ಔಟ್‌ಪುಟ್ ಜಾಸ್ತಿಯಾದರೆ ಅದರೊಳಗಿನ ಎಲ್‌ಇಡಿ ಹೆಚ್ಚು ಬೆಳಗುತ್ತದೆ, ಎದುರಿಗಿರುವ ಸೆನ್ಸರ್ ಅದನ್ನು ನೋಡಿ ಸ್ವಿಚ್ ಆನ್ ಇರುವ ಸಮಯ ಕಡಿಮೆ ಮಾಡಿಸುತ್ತದೆ. ಸುದ್ದಿ ದಾಟುವುದು ಬೆಳಕಿನಲ್ಲಿ, ತಂತಿಯ ಸಂಪರ್ಕವೇ ಇಲ್ಲ. 325 ವೋಲ್ಟಿನ ಕಡೆ ಬೇರೆ, ನಾವು ಕೈಯಲ್ಲಿ ಹಿಡಿಯುವ ಫೋನಿನ ಕಡೆ ಬೇರೆ.

ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ 160ಕ್ಕೆ ಇಳಿದರೂ ಈಗಿನ ಟಿವಿ ನಡೆಯುವುದು ಇದರಿಂದಲೇ. ಇನ್‌ಪುಟ್ ಕಡಿಮೆಯಾದರೆ ಸ್ವಿಚ್ ಜಾಸ್ತಿ ಹೊತ್ತು ಆನ್ ಇರುತ್ತದೆ, ಅಷ್ಟೇ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ, ನೋಡಿರಬಹುದು ಅಲ್ವಾ? ಕಂಪ್ಯೂಟರ್, ಎಲ್‌ಇಡಿ ಬಲ್ಬಿನ ಡ್ರೈವರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ವೆಲ್ಡಿಂಗ್ ಮೆಷಿನ್, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರ್, ಎಲ್ಲದರಲ್ಲೂ ಇದೇ ಕೆಲಸ. 1977ರ ಆ್ಯಪಲ್ 2 ಕಂಪ್ಯೂಟರಿಗೆ ಎಂಜಿನಿಯರ್ ರಾಡ್ ಹೋಲ್ಟ್ ಇಂಥದ್ದೇ ಸಪ್ಲೈ ವಿನ್ಯಾಸ ಮಾಡಿದ್ದರು.

ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಲೋಹದ ಮೈ ಮುಟ್ಟಿದಾಗ ಕೆಲವೊಮ್ಮೆ ಜುಂ ಅನ್ನುತ್ತದೆ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ಇದು ಮಾಮೂಲಿ. ಸ್ವಿಚ್ ಆನ್-ಆಫ್ ಆಗುವಾಗ ಹುಟ್ಟುವ ವಿದ್ಯುತ್ ಗದ್ದಲ ತಗ್ಗಿಸಲು ಮೇನ್ಸ್ ಕಡೆ ಮತ್ತು ಔಟ್‌ಪುಟ್ ಕಡೆಗಳ ನಡುವೆ ವೈ ಕೆಪಾಸಿಟರ್ ಎಂಬ ಸಣ್ಣ ಕೆಪಾಸಿಟರ್ ಹಾಕಿರುತ್ತಾರೆ, ಅದರ ಮೂಲಕ ತೀರಾ ಸಣ್ಣ ಕರೆಂಟು ಸೋರುತ್ತದೆ. ಒಳ್ಳೆಯ ಅಡಾಪ್ಟರ್‌ನಲ್ಲಿ ಇದು ಅಪಾಯದ ಮಟ್ಟಕ್ಕಿಂತ ತುಂಬಾ ಕೆಳಗೆ.

ಕಳಪೆ ಚಾರ್ಜರ್‌ನಲ್ಲಿ ಭಯಪಡಬೇಕಾದದ್ದೇ ಬೇರೆ. ದುಡ್ಡು ಉಳಿಸಲು ಆ ಎರಡು ಕಡೆಗಳ ನಡುವಿನ ಅಂತರವನ್ನೇ ತಿಂದಿರುತ್ತಾರೆ, ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಟೇಪ್ ಕಮ್ಮಿ ಸುತ್ತಿರುತ್ತಾರೆ. ಅದು ಸೋತ ದಿನ ಮೇನ್ಸ್ ವೋಲ್ಟೇಜ್ ಸೀದಾ ಫೋನಿಗೆ ಬರುತ್ತದೆ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ. ಕೆಟ್ಟ ಅಡಾಪ್ಟರ್ ಬಿಚ್ಚುವ ಆಸೆ ಇದ್ದರೆ ಪ್ಲಗ್ ತೆಗೆದ ತಕ್ಷಣ ಕೈ ಹಾಕಬೇಡಿ, ಆ ದೊಡ್ಡ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಇನ್ನೂ ಉಳಿದಿರಬಹುದು.