ಬಂದೂಕಿಲ್ಲದ ಮಾರ್ಷಲ್: ಪೋಲೆಂಡಿನ 1989ರ ಚುನಾವಣಾ ಪೋಸ್ಟರ್ ಟಿಪ್ಪಣಿ

ತುಮಕೂರಲ್ಲಿ ಕೆ-ಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ರಾಜ್ಯಶಾಸ್ತ್ರಕ್ಕೆ ಓದುತ್ತಿರುವ ನಮ್ಮ ಗುಂಪಿಗಾಗಿ ಇದು. ಸೋವಿಯತ್ ನಾಯಕ ಗೋರ್ಬಚೆವ್, ಕಮ್ಯುನಿಸ್ಟ್ ಸರ್ಕಾರಕ್ಕೂ ವಿರೋಧಿಗಳಿಗೂ ನಡೆದ ದುಂಡುಮೇಜಿನ ಮಾತುಕತೆ ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟಿದ್ದೇನೆ.

ಮೊದಲು ಪೋಸ್ಟರ್. ಹಾಲಿವುಡ್ ನಟ ಗ್ಯಾರಿ ಕೂಪರ್, 1952ರ ‘ಹೈ ನೂನ್’ ಚಿತ್ರದ ಮಾರ್ಷಲ್ (ಊರಿನ ಪೊಲೀಸ್ ಅಧಿಕಾರಿ) ವೇಷದಲ್ಲಿ, ಕಪ್ಪುಬಿಳುಪಿನಲ್ಲಿದ್ದಾನೆ. ಬಂದೂಕು ಹಿಡಿಯಬೇಕಾದ ಕೈಯಲ್ಲಿ ಮತಪತ್ರ. ಎದೆಯ ನಕ್ಷತ್ರದ ಮೇಲ್ಗಡೆ ಕಮ್ಯುನಿಸ್ಟ್ ಸರ್ಕಾರದ ಎದುರು ನಿಂತ ಕಾರ್ಮಿಕ ಸಂಘಟನೆ ಸಾಲಿಡಾರಿಟಿಯ ಬ್ಯಾಡ್ಜು, ಬೆನ್ನ ಹಿಂದೆ ಅದೇ ಸಂಘಟನೆಯ ಕೆಂಪು ಲಾಂಛನ. ಕೆಳಗೆ, 1989ರ ಜೂನ್ 4, ನಡುಮಧ್ಯಾಹ್ನ ಎಂಬ ಸಾಲು. ರಚಿಸಿದವರು ತೊಮಾಶ್ ಸಾರ್ನೆತ್ಸ್ಕಿ. ಬಿ.ಎಚ್. ರಸ್ತೆಯ ಫ್ಲೆಕ್ಸ್ ನೋಡಿ ಬೆಳೆದ ಕಣ್ಣು ಮೊದಲು ಅಭ್ಯರ್ಥಿಯ ಮುಖ ಹುಡುಕುತ್ತದೆ. ಇಲ್ಲಿ ಅದೇ ಇಲ್ಲ. ಅಭ್ಯರ್ಥಿಗಳು ಸಾಲಿಡಾರಿಟಿಯ ನಾಯಕ ಲೆಕ್ ವಲೆನ್ಸಾ ಜೊತೆ ನಿಂತ ಫೋಟೋ ಪೋಸ್ಟರುಗಳು ಬೇರೆ ಇದ್ದವು. ಸಿನಿಮಾದಲ್ಲಿ ಊರಿನವರು ಕೈಕೊಟ್ಟು ಮಾರ್ಷಲ್ ಒಂಟಿಯಾಗುತ್ತಾನೆ. ಪೋಸ್ಟರಿನಲ್ಲಿ ಅವನ ಬೆನ್ನಿಗೆ ಒಂದು ಚಳವಳಿಯೇ ನಿಂತಿದೆ. ಪೋಸ್ಟರಿನ ಬಗ್ಗೆ ಇಷ್ಟು ಸಾಕು.

ಈಗ ತಲೆಕೆಡಿಸುವ ಭಾಗ: ಆ ಮತಪತ್ರದಲ್ಲಿ ಮತ ಹಾಕುವುದು ಹೇಗೆ?

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೇಕಾದವರ ಚಿಹ್ನೆಯ ಮೇಲೆ ಸೀಲು ಒತ್ತುತ್ತೇವಲ್ಲ, ಅಲ್ಲಿ ಪೂರ್ತಿ ಉಲ್ಟಾ. ಬೇಡದವರ ಹೆಸರನ್ನು ಹೊಡೆದುಹಾಕಬೇಕು. ಹೊಡೆಯದೆ ಉಳಿದ ಹೆಸರಿಗೆ ಮತ. ಒಂದು ಸ್ಥಾನಕ್ಕೆ ಅ, ಬ, ಕ ಮೂವರಿದ್ದು ಬ ಬೇಕೆಂದರೆ, ಅ ಮತ್ತು ಕ ಮೇಲೆ ಗೆರೆ, ಬ ಮುಟ್ಟಬೇಡಿ. ಮೇಲ್ಮನೆ ಸೆನೆಟ್‌ಗೆ ಒಂದು ಪ್ರಾಂತ್ಯದಿಂದ ಇಬ್ಬರು, ಆದ್ದರಿಂದ ಇಬ್ಬರನ್ನು ಉಳಿಸಿ ಮಿಕ್ಕವರಿಗೆಲ್ಲ ಗೆರೆ (ವಾರ್ಸಾ, ಕಾಟೊವಿಟ್ಸೆಗಳಲ್ಲಿ ಮೂವರು).

ಇದರ ಜೊತೆಗೆ ರಾಷ್ಟ್ರೀಯ ಪಟ್ಟಿ ಎಂಬುದೊಂದು. ಆಳುವ ಕೂಟದ (ಕಮ್ಯುನಿಸ್ಟ್ ಪಕ್ಷ ಮತ್ತು ಅದರ ಮಿತ್ರರು) 35 ಗಣ್ಯರು, ಎದುರಾಳಿಯೇ ಇಲ್ಲ. ಗೆರೆ ಎಳೆಯದೆ ಹಾಗೇ ಪೆಟ್ಟಿಗೆಗೆ ಹಾಕಿದರೆ 35 ಜನಕ್ಕೂ ಒಪ್ಪಿಗೆ ಕೊಟ್ಟಂತೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು, ಅಷ್ಟೇ. ಸುಲಭ ಅನ್ನಿಸುತ್ತದೆ ತಾನೇ? 33 ಜನ ಸೋತರು. ಎದುರಾಳಿ ಇಲ್ಲದ ಕಣದಲ್ಲಿ ಸೋಲುವುದು ಹೇಗೆಂದು ಕೇಳಿದರೆ ಉತ್ತರ ಈ ಗೆರೆಯಲ್ಲೇ ಇದೆ: ಜನ ಇಡೀ ಹಾಳೆಗೇ ದೊಡ್ಡ ಇಂಟು ಎಳೆದರು. ಗೆದ್ದ ಇಬ್ಬರಲ್ಲಿ ಒಬ್ಬರಾದ ಆಡಂ ಜೆಲಿನ್ಸ್ಕಿ ಅಕ್ಷರಾನುಕ್ರಮದಲ್ಲಿ ಕೊನೆಯವರು. ಇಂಟು ಅವರ ಹೆಸರಿನವರೆಗೆ ಮುಟ್ಟಲಿಲ್ಲ, ಹಾಗಾಗಿ ಉಳಿದರು ಎನ್ನುತ್ತಾರೆ.

ಅಂಕಿಗಳಿಗೆ ನನ್ನ ಅಡ್ಡದಾರಿ: ಕೆಳಮನೆ ಸೈಮ್‌ನಲ್ಲಿ 460 ಸ್ಥಾನ, ದುಂಡುಮೇಜಿನ ಒಪ್ಪಂದದಂತೆ ಮುಕ್ತ ಸ್ಪರ್ಧೆಗೆ ಬಿಟ್ಟಿದ್ದು ಶೇ. 35. ಗುಣಿಸಿ, ಸರಿಯಾಗಿ 161 ಬರುತ್ತದೆ; ಬಾಯಿಪಾಠ ಬೇಡ. ಉಳಿದ 299 ಆಳುವ ಕೂಟಕ್ಕೆ ಮೀಸಲು, ಆ 35 ಗಣ್ಯರೂ ಇದರಲ್ಲೇ ಸೇರಿದವರು. 161ರಲ್ಲಿ ಅಷ್ಟನ್ನೂ, ಸೆನೆಟ್‌ನ 100ರಲ್ಲಿ 99 ಸ್ಥಾನಗಳನ್ನೂ ಸಾಲಿಡಾರಿಟಿ ಗೆದ್ದಿತು.

ಪ್ರಶ್ನೆಯಲ್ಲಿ ‘ಮೊದಲ ಮುಕ್ತ ಚುನಾವಣೆ’ ಅಂತ ಕಂಡರೆ ಹುಷಾರು. 1989ರಲ್ಲಿ ಪೂರ್ತಿ ಮುಕ್ತವಾಗಿದ್ದದ್ದು ಸೆನೆಟ್ ಮಾತ್ರ. ಎರಡೂ ಸದನಕ್ಕೆ ಸಂಪೂರ್ಣ ಮುಕ್ತ ಚುನಾವಣೆ ಅಂದರೆ 1991ರ ಅಕ್ಟೋಬರ್ 27. ಆಯ್ಕೆಗಳಲ್ಲಿ ಎರಡೂ ಇಸವಿ ಕೊಟ್ಟಿರಬಹುದು.

ಸೋತ 33 ಸ್ಥಾನಗಳ ಕಥೆ ಕೇಳಿ. ಜೂನ್ 18ರ ಎರಡನೇ ಸುತ್ತಿಗೆ ಮುಂಚೆ ನಿಯಮ ಬದಲಿಸಿ, ಅವನ್ನು ಮತ್ತೆ ಅದೇ ಕೂಟಕ್ಕೇ ಕೊಟ್ಟರು. ಹಾಗೆ ಕೊಟ್ಟ ಮೇಲೂ ಆಗಸ್ಟ್ 24ಕ್ಕೆ ಪ್ರಧಾನಿಯಾದವರು ಸಾಲಿಡಾರಿಟಿಯ ತದೆಉಷ್ ಮಜೊವ್ಯೆತ್ಸ್ಕಿ.