ಜನರೇ ಇಲ್ಲದ ತಾಜ್ ಮಹಲ್ ಫೋಟೋ ಸಿಗುತ್ತದೆಯೇ?

ಪ್ರಶ್ನೆ: ಮನೆಯವರೆಲ್ಲ ಸೇರಿ ಆಗ್ರಾ, ಜೈಪುರ, ಹೈದರಾಬಾದ್ ಕಡೆ ಹೊರಟಿದ್ದೇವೆ. ಹಿಂದೆ ಹಂಪಿಗೆ ಹೋದಾಗ ಕಲ್ಲಿನ ರಥದ ಎದುರು ಎಷ್ಟು ಹೊತ್ತು ಕಾದರೂ ಯಾರಾದರೊಬ್ಬರು ಅಡ್ಡ ಬರುತ್ತಲೇ ಇದ್ದರು. ಈ ಸಲವಾದರೂ ಜನರಿಲ್ಲದ ಒಳ್ಳೆಯ ಫೋಟೋ ಬೇಕು. ಕೈಯಲ್ಲಿರುವುದು ಫೋನ್ ಮಾತ್ರ. ಏನು ಮಾಡಬೇಕು?

ಉತ್ತರ: ಸಿಗುತ್ತದೆ, ಆದರೆ ಬೇಗ ಏಳಬೇಕು. ತಾಜ್ ಮಹಲ್ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ತೆರೆಯುತ್ತದೆ. ಶುಕ್ರವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಅದನ್ನು ನೋಡಿಕೊಂಡೇ ರೈಲು ಟಿಕೆಟ್ ಮಾಡಿಸಿ. ದೊಡ್ಡ ಬಾಗಿಲು ದಾಟಿದ ಕೂಡಲೇ ಎಲ್ಲರೂ ನೀರಿನ ಕಾಲುವೆಯ ಮುಂದೆ ನಿಂತುಬಿಡುತ್ತಾರೆ. ನೀವು ಅಲ್ಲಿ ನಿಲ್ಲಬೇಡಿ. ತೋಟದ ಬದಿಯಿಂದ ನಡೆದು ತಾಜ್‌ನ ಪೂರ್ವಕ್ಕಿರುವ ಕೆಂಪು ಕಲ್ಲಿನ ಕಟ್ಟಡಕ್ಕೆ ಹೋಗಿ. ಅದರ ಕಮಾನಿನ ಒಳಗೆ ನಿಂತು ನೋಡಿದರೆ ಗುಮ್ಮಟ ನಿಮ್ಮ ಎದುರಿಗಿರುತ್ತದೆ, ಎಳೆ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿರುತ್ತದೆ. ಪಶ್ಚಿಮದ ಮಸೀದಿಯಲ್ಲೂ ಇಂಥದೇ ಕಮಾನು ಇದೆ, ಆದರೆ ಬೆಳಿಗ್ಗೆ ಅಲ್ಲಿಂದ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಸಂಜೆ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋಗಿ. ನಡುವೆ ನದಿ ಇರುವುದರಿಂದ ಯಾರೂ ಅಡ್ಡ ಬರುವುದಿಲ್ಲ. ಗೋರಿ ಇರುವ ಒಳಗಿನ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ. ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಸುಮ್ನೆ ಹೊತ್ತುಕೊಂಡು ಹೋಗಬೇಡಿ.

ಇನ್ನೊಂದು ವಿಷಯ. ಬಿಳಿ ಅಮೃತಶಿಲೆ ಫೋನಿನಲ್ಲಿ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ ಬರುತ್ತದೆ. ಕ್ಯಾಮೆರಾ ಎಲ್ಲವನ್ನೂ ಸಾಧಾರಣ ಬೆಳಕಿಗೆ ತರಲು ನೋಡುವುದೇ ಇದಕ್ಕೆ ಕಾರಣ. ಪರದೆಯ ಮೇಲೆ ಗುಮ್ಮಟವನ್ನು ಒಮ್ಮೆ ಮುಟ್ಟಿ, ಬೆಳಕನ್ನು ಸ್ವಲ್ಪ ಏರಿಸಿ. ಹಂಪಿಯ ಕಪ್ಪು ಕಲ್ಲಿನ ಕಂಬಗಳಿಗೆ ಇದರ ಉಲ್ಟಾ, ಇಳಿಸಬೇಕು.

ಜೈಪುರದ ಹವಾ ಮಹಲ್ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನದ ಮೇಲೆ ಬೀದಿಗೆ ಕಾಣುವ ಆ ಗೋಡೆಯೆಲ್ಲ ನೆರಳು.

ಫೋನಿನಲ್ಲೇ ಜನರನ್ನು ಅಳಿಸಿಬಿಡಬಹುದಲ್ವಾ ಎಂದು ನೀವು ಕೇಳಬಹುದು. ಅಳಿಸಬಹುದು. ಆದರೆ ಅಳಿಸಿದ ಜಾಗವನ್ನು ಫೋನು ಊಹೆಯಿಂದ ತುಂಬುತ್ತದೆ. ಆಕಾಶವೋ ಹುಲ್ಲೋ ಆದರೆ ಪರವಾಗಿಲ್ಲ. ಕೆತ್ತನೆ ಇರುವ ಗೋಡೆಯಾದರೆ, ಯಾವ ಶಿಲ್ಪಿಯೂ ಕೆತ್ತದ ಬಳ್ಳಿ ಅಲ್ಲಿ ಹುಟ್ಟಿಕೊಳ್ಳುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಇಷ್ಟು ನೀವು ಕೇಳಿದ್ದಕ್ಕೆ ಉತ್ತರ. ಈಗ ನೀವು ಕೇಳದ ಒಂದು ಮಾತು: ಜನರನ್ನು ಯಾಕೆ ಹೊರಗಿಡಬೇಕು?

ಸ್ಮಾರಕ ಎಂದರೆ ಖಾಲಿ ಇರಬೇಕು ಎನ್ನುವ ಅಭ್ಯಾಸ ನಮ್ಮ ಕಣ್ಣಿಗೆ ಹಳೆಯ ಫೋಟೋಗಳಿಂದಲೂ ಬಂದಿರಬೇಕು ಎಂದು ನನಗೆ ಅನಿಸುತ್ತದೆ. ಬ್ರಿಟಿಷರ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೋಗಳನ್ನು ತೆಗೆದರು. ಆಗ ಬಳಸುತ್ತಿದ್ದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಲು ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಅಲುಗಾಡದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿಯುತ್ತಿದ್ದರು. ನಡೆದು ಹೋದವರು, ದನ ಅಟ್ಟಿಕೊಂಡು ಬಂದವರು, ಯಾರೂ ಮೂಡುತ್ತಿರಲಿಲ್ಲ. ಕಲ್ಲು ಮಾತ್ರ ಉಳಿಯುತ್ತಿತ್ತು.

ಆ ಫೋಟೋಗಳಿಗೆ ಬೆಲೆ ಕಟ್ಟಲು ಆಗುವುದಿಲ್ಲ, ಅದೂ ನಿಜ. ಗ್ರೀನ್‌ಲಾ ತೆಗೆದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದು ಇಲ್ಲ, ನಮ್ಮ 50 ರೂಪಾಯಿ ನೋಟಿನ ಮೇಲಿನ ರಥದಲ್ಲೂ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ಎಂದು ಲೆಕ್ಕ ಸಿಗುತ್ತದೆ. ಆದರೆ ಅಲ್ಲಿ ಯಾರು ಬದುಕಿದ್ದರು, ಏನು ಮಾರುತ್ತಿದ್ದರು ಎನ್ನುವುದಕ್ಕೆ ಅಂಥ ಲೆಕ್ಕ ಸಿಗುವುದಿಲ್ಲ. ವಿರೂಪಾಕ್ಷ ದೇವಸ್ಥಾನದ ಮುಂದಿನ ತೇರುಬೀದಿಯ ಸಾಲು ಮಂಟಪಗಳಲ್ಲಿ ಅಂಗಡಿ, ಮನೆಗಳಿದ್ದವು. 2011ರಲ್ಲಿ ಅವನ್ನು ತೆರವು ಮಾಡಿದರು. ಅದಕ್ಕೆ ಮೊದಲು ಅಲ್ಲಿಗೆ ಹೋದವರಲ್ಲಿ ಯಾರಾದರೂ ‘ಜನ ಅಡ್ಡ ಬಂದ’ ಫೋಟೋ ಅಳಿಸದೆ ಇಟ್ಟುಕೊಂಡಿದ್ದರೆ ಅದು ಇವತ್ತು ದಾಖಲೆ.

ಹೈದರಾಬಾದಿನಲ್ಲಿ ಈ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಚಾರ್‌ಮಿನಾರ್ ಕಟ್ಟಿದ್ದು 1591ರಲ್ಲಿ, ನಾಲ್ಕು ರಸ್ತೆ ಕೂಡುವ ನಡುವೆ. ಜನರೇ ಇಲ್ಲದ ಚಾರ್‌ಮಿನಾರ್ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಪಕ್ಕದ ಲಾಡ್ ಬಜಾರಿನ ಅರಗಿನ ಬಳೆ ಅಂಗಡಿಗಳ ಕಡೆಯಿಂದ ನೋಡಿ. ಸೂರ್ಯ ಮುಳುಗಿದ ಕಾಲು ಗಂಟೆಯ ಹೊತ್ತಿಗೆ ಆಕಾಶದ ನೀಲಿ ಮತ್ತು ಅಂಗಡಿಯ ದೀಪ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಆಗ ಮಿನಾರೂ ಕಾಣುತ್ತದೆ, ಬಳೆಯ ಹೊಳಪೂ ಕಾಣುತ್ತದೆ. ನಮ್ಮ ಕಡೆ ಕತ್ತಲು ಬೇಗ ಕವಿಯುತ್ತದೆ, ಈ ಬೆಳಕು ಜಾಸ್ತಿ ಹೊತ್ತು ಇರುವುದಿಲ್ಲ. ಮೊದಲೇ ಜಾಗ ನೋಡಿಟ್ಟುಕೊಂಡಿರಿ.

ಜನರನ್ನು ಸೇರಿಸುವುದು ಎಂದರೆ ಗುಂಪಿನ ಮೇಲೆ ಫೋನು ಹಿಡಿಯುವುದಲ್ಲ. ಮೊದಲು ಕಟ್ಟಡಕ್ಕೆ ಚೌಕಟ್ಟು ಹಾಕಿ. ಫೋನು ನೇರವಾಗಿರಲಿ, ಮೇಲಕ್ಕೆ ವಾಲಿಸಿದರೆ ಗೋಪುರ ಹಿಂದಕ್ಕೆ ಬಿದ್ದ ಹಾಗೆ ಬರುತ್ತದೆ. ಚೌಕಟ್ಟಿನಲ್ಲಿ ಒಂದು ಖಾಲಿ ಜಾಗ ಬಿಡಿ. ಆಮೇಲೆ ಕಾಯಿರಿ. ಯಾರೋ ಒಬ್ಬರು ಅಲ್ಲಿಗೆ ಬರುತ್ತಾರೆ, ಆಗ ಒತ್ತಿ. ಆ ಒಬ್ಬರಿಂದಲೇ ಕಂಬ ಎಷ್ಟು ಎತ್ತರ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ಇದನ್ನು ಕಲಿಯಲು ನನ್ನ ಮಟ್ಟಿಗೆ ಬಾದಾಮಿಗಿಂತ ಒಳ್ಳೆಯ ಜಾಗವಿಲ್ಲ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಆ ಸದ್ದು ಎದುರಿನ ಬಂಡೆಗೆ ತಾಗಿ ಮರಳಿ ಬರುತ್ತದೆ. ನೆನೆದ ಸೀರೆಯನ್ನು ಎತ್ತಿ ಕಲ್ಲಿಗೆ ಬಡಿಯುವಾಗ ಹನಿಗಳು ಬಿಸಿಲಲ್ಲಿ ಬೆಳ್ಳಗೆ ಸಿಡಿಯುತ್ತವೆ. ಒದ್ದೆಯಾದ ಮೆಟ್ಟಿಲು ಮಾತ್ರ ಕಡುಕೆಂಪು, ಒಣಗಿದ್ದು ತಿಳಿ. ಕೆರೆಯ ಪೂರ್ವದ ತುದಿಯಲ್ಲಿ ಭೂತನಾಥ ದೇವಸ್ಥಾನ, ಸಂಜೆ ಬಿಸಿಲಿಗೆ ಮುಖವೊಡ್ಡಿ ನಿಂತಿದೆ. ಚಾಲುಕ್ಯರ ಕಾಲದ ಗುಡಿಯೂ ಇವತ್ತಿನ ಬಕೆಟ್ಟೂ ಒಂದೇ ಫೋಟೋದಲ್ಲಿ ಬರಲಿ. ಬಕೆಟ್ ತಪ್ಪಿಸಲು ಹೋಗಬೇಡಿ.

ಆದರೆ ಕೇಳಿಯೇ ತೆಗೆಯಿರಿ. “ಅಕ್ಕಾರ, ಒಂದು ಫೋಟೋ ತಗೀಲೇನ್ರಿ?” ಎಂದರೆ ಸಾಕು. ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ತೆಗೆದ ಮೇಲೆ ಅವರಿಗೂ ತೋರಿಸಿ. ಮಕ್ಕಳಾದರೆ ದೊಡ್ಡವರನ್ನು ಕೇಳಿ. ನದಿಯಲ್ಲಿ ಮೀಯುವವರ ಕಡೆ ಫೋನು ತಿರುಗಿಸಲೇಬೇಡಿ. ಮುಂದೆ ಎಂದಾದರೂ ಕಾಶಿಗೆ ಹೋದರೆ, ಮಣಿಕರ್ಣಿಕಾ ಘಾಟ್‌ನಲ್ಲಿ ಅದನ್ನು ಜೇಬಿನಲ್ಲೇ ಇಡಿ. ಅಲ್ಲಿ ಸುಡುತ್ತಿರುವುದು ಯಾರದೋ ಮನೆಯವರನ್ನು.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನು ಹೊರಡುವ ಮೊದಲು ಹುಡುಕಿ ನೋಡಿ. ಸಾಮಾನ್ಯ ಜನ, ಅದರಲ್ಲೂ ಮಕ್ಕಳು, ಅವರ ಚಿತ್ರಗಳಲ್ಲಿ ಎಷ್ಟು ನಿರಾಳವಾಗಿ ಇರುತ್ತಾರೆ ಗಮನಿಸಿ. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಎದುರಿಗಿರುವವರು ಫೋಟೋಗ್ರಾಫರನನ್ನು ನಂಬದಿದ್ದರೆ ಅಂಥ ಚಿತ್ರ ಬರುವುದಿಲ್ಲ.

ಕೊನೆಗೆ ನಿಮ್ಮ ಆಗ್ರಾಕ್ಕೇ ಬರುತ್ತೇನೆ. ತಾಜ್‌ನ ದಕ್ಷಿಣ ಬಾಗಿಲ ಆಚೆ ತಾಜ್ ಗಂಜ್ ಎಂಬ ಪೇಟೆಯಿದೆ. ಹೆಚ್ಚಿನವರು ಅದನ್ನು ಇಕ್ಕಟ್ಟು ಗಲ್ಲಿ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಆದರೆ ಅದು ಆಮೇಲೆ ಬೆಳೆದುಕೊಂಡ ಊರಲ್ಲ. ಷಾಜಹಾನ್ ಸಮಾಧಿಯ ಜೊತೆಗೇ ಇಲ್ಲಿ ಬಜಾರು, ಪ್ರಯಾಣಿಕರು ತಂಗುವ ಸರಾಯಿಗಳನ್ನೂ ಕಟ್ಟಿಸಿದ. ಅವುಗಳ ಆದಾಯ ಮತ್ತು 30 ಹಳ್ಳಿಗಳ ಕಂದಾಯವನ್ನು ಸಮಾಧಿಯ ಖರ್ಚಿಗೆಂದೇ ಬಿಟ್ಟ. ಅಂದರೆ ಈ ಪೇಟೆಯೂ ತಾಜ್ ಮಹಲಿನ ನಕ್ಷೆಯೊಳಗಿನದೇ. ಇಲ್ಲಿಯ ತಾರಸಿಗಳಿಂದ ಗುಮ್ಮಟ ಕಾಣುತ್ತದೆ, ಅದರ ಮುಂದೆ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ. ಬೆಳಿಗ್ಗೆ ಖಾಲಿ ತಾಜ್ ತೆಗೆದುಕೊಳ್ಳಿ, ಸಂಜೆ ಮೆಹ್ತಾಬ್ ಬಾಗ್ ಬದಲು ಇಲ್ಲಿಗೆ ಬಂದರೂ ನಷ್ಟವಿಲ್ಲ. ಈ ಕಡೆ ರೂಮು ಗೊತ್ತು ಮಾಡುವುದಾದರೆ ತಾರಸಿಗೆ ಹೋಗಲು ಬಿಡುತ್ತಾರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.